ಪಂದಿ ಕರಿಯ ಪಕ್ಕೆಲುಬು

ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಊಟದಲ್ಲಿ ಅಕ್ಕಿಯ ಉಂಡೆಯಾದ ಕಡಂಬುಟ್ಟಿನ ಜೊತೆಗೆ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಇರಲೇಬೇಕು. ಅದರಲ್ಲೂ ಪಕ್ಕೆಲುಬಿನ ತುಂಡು ಸಿಕ್ಕರೆ ಊಟದ ಖುಷಿಯೇ ಬೇರೆ.

ಮೂಳೆಗಂಟಿದ ಮಾಂಸಕ್ಕೆ ಅವಸರ ಒಗ್ಗುವುದಿಲ್ಲ. ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆಯ ಕಪ್ಪು ಮಸಾಲೆಯಲ್ಲಿ ಅದು ಸಣ್ಣ ಉರಿಯ ಮೇಲೆ ನಿಧಾನಕ್ಕೆ ಬೇಯಬೇಕು. ಆಗ ಎಲುಬಿನ ಸುತ್ತಲಿನ ಗಟ್ಟಿ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ, ಗೊಜ್ಜು ತುಟಿಗೆ ಅಂಟುವಷ್ಟು ಮಂದವಾಗುತ್ತದೆ. ಕೊನೆಗೆ ಬೀಳುವ ಒಂದು ಚಮಚ ಕಾಚಂಪುಳಿ, ಅಂದರೆ ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ ಇಳಿಸಿದ ಕಪ್ಪು ಹುಳಿ, ಕೊಬ್ಬಿನ ಜಿಡ್ಡನ್ನು ನಾಲಿಗೆಯ ಮೇಲೆ ಹಗುರ ಮಾಡುತ್ತದೆ.

ರುಚಿಯಷ್ಟೇ ಅಲ್ಲ, ಸತ್ವವೂ ದಂಡಿಯಾಗಿದೆ. ಬೆಂದ ಪಕ್ಕೆಲುಬಿನ 100 ಗ್ರಾಂ ಮಾಂಸದಲ್ಲಿ ಸುಮಾರು 29 ಗ್ರಾಂ ಪ್ರೋಟೀನ್ ಇದೆ. ಸತು, ಸೆಲೆನಿಯಂ, ಬಿ12 ಧಾರಾಳ. ಇದರ ಕಬ್ಬಿಣದಲ್ಲಿ ಒಂದು ಪಾಲು ದೇಹ ಸುಲಭವಾಗಿ ಹೀರಿಕೊಳ್ಳುವ ಹೀಮ್ ರೂಪದ್ದು. ಅಕ್ಕಿಯಂಥ ಪಿಷ್ಟವನ್ನು ಶಕ್ತಿಯಾಗಿಸಲು ಬೇಕಾದ ಥಯಾಮಿನ್, ಅಂದರೆ ಬಿ1, ಹಂದಿಮಾಂಸದಲ್ಲಿ ಕುರಿ, ಕೋಳಿಗಿಂತ ಹೆಚ್ಚು. ಬಿ1 ನೀರಿನಲ್ಲಿ ಕರಗುವುದರಿಂದ ಅದರ ಒಂದಂಶ ಗೊಜ್ಜಿಗೆ ಇಳಿಯುತ್ತದೆ. ಕಡಂಬುಟ್ಟನ್ನು ಗೊಜ್ಜಿನಲ್ಲಿ ಅದ್ದಿ ತಿನ್ನುವವರಿಗೆ ಅದೂ ದಕ್ಕುತ್ತದೆ.

ಕೊಬ್ಬಿನ ಲೆಕ್ಕವನ್ನೂ ಹೇಳಲೇಬೇಕು. ಅದೇ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಕೊಬ್ಬು, 400ರ ಹತ್ತಿರ ಕ್ಯಾಲೊರಿ. ಪರ್ಯಾಪ್ತ ಕೊಬ್ಬೇ 11 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರ ಮಿತಿಯಲ್ಲಿ ಇದು ಅರ್ಧ. ಬೆಂದ ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದರೆ ಹೊರೆ ಇಳಿಯುತ್ತದೆ, ಮಸಾಲೆ ಪಾತ್ರೆಯಲ್ಲೇ ಉಳಿಯುತ್ತದೆ.