‘ಮಿಶ್ನಾ ಬೆರೂರಾ’ ಎಂಬ ನಿತ್ಯವಿಧಿ ವ್ಯಾಖ್ಯಾನ

ಯೆಹೂದ್ಯರ ಆಚಾರವಿಧಿಗಳನ್ನು ನಿರೂಪಿಸುವ ಜೋಸೆಫ್ ಕಾರೋ ಪಂಡಿತರ ‘ಶುಲ್ಹಾನ್ ಅರೂಖ್’ ಗ್ರಂಥವು 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ಅದರ ಮೊದಲನೆಯ ಭಾಗಕ್ಕೆ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ರಾದಿನ್ ಊರಿನ ಇಸ್ರಾಯೇಲ್ ಮೇಯರ್ ಕಾಗನ್ ಅವರು 1884ರಿಂದ 1907ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ವ್ಯಾಖ್ಯಾನವೇ ‘ಮಿಶ್ನಾ ಬೆರೂರಾ’. ಪ್ರಾತಃಕಾಲದ ಎಚ್ಚರದಿಂದ ಮೊದಲ್ಗೊಂಡು ಪ್ರಾರ್ಥನೆ, ಭೋಜನ, ಸಬ್ಬತ್, ಹಬ್ಬಗಳವರೆಗಿನ ವಿಚಾರವೆಲ್ಲವೂ ಇದರಲ್ಲಿರುವುದು. ವಿಧಿಯೊಡನೆ ಕಾರಣವನ್ನೂ ತಿಳಿಸಿರುವುದೇ ಇದರ ಹಿರಿಮೆ. ಕಾರಣವರಿಯದ ಆಚರಣೆಯು ಬೇಗನೆ ಬಾಡುವುದಷ್ಟೆ. ಆದರೆ ನಾನಾ ಪಂಡಿತರ ಮತಗಳನ್ನು ಒಟ್ಟುಗೂಡಿಸಿ, ಕಠಿನಪಕ್ಷವು ಭಕ್ತರಿಗೆ ಶ್ಲಾಘ್ಯವೆಂದು ಸೂಚಿಸುವೆಡೆಗಳಲ್ಲಿ, ದುಡಿದು ದಣಿದ ಗೃಹಸ್ಥನು ತಾನು ಮಾಡಿದುದು ಸಾಲದೇನೋ ಎಂದು ಕುಗ್ಗುವನು. ಇದು ದೋಷವೇ ಸರಿ. ಆದರೂ ಇಕ್ಕಟ್ಟಿನಲ್ಲಿ ಸಿಕ್ಕವನಿಗೂ ದೊಡ್ಡ ನಷ್ಟಕ್ಕೊಳಗಾಗುವವನಿಗೂ ಅನೇಕ ಕಡೆ ಸುಲಭಪಕ್ಷವನ್ನು ಹಿಡಿಯಲು ಅನುಮತಿಯುಂಟು. ಪ್ರಾಣಾಪಾಯದಲ್ಲಿರುವ ರೋಗಿಗಾಗಿ ಸಬ್ಬತ್ತಿನ ನಿಷೇಧವನ್ನು ಮೀರಲು ತಡಮಾಡಲೇ ಕೂಡದೆಂಬ ಮೂಲದ ವಿಧಿಯನ್ನಂತೂ ವ್ಯಾಖ್ಯಾನಕಾರರು ಸ್ವಲ್ಪವೂ ಸಡಿಲಿಸಿಲ್ಲ.