ಹನ್ನೊಂದು ಪಟ್ಟು ಜೂಮ್ ಮತ್ತು ಕಾಫಿ ತೋಟದ ನೆರಳು

ಪ್ರವಾಸಕ್ಕೆ ಒಂದೇ ಲೆನ್ಸ್ ಸಾಕು ಎಂಬ ಆಶ್ವಾಸನೆಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗಾಗಿ 1959ರಲ್ಲಿ ಬಂದ ವಾಯ್ಟ್‌ಲ್ಯಾಂಡರ್ ಸಂಸ್ಥೆಯ 'ಜೂಮಾರ್' ಲೆನ್ಸಿನ ವ್ಯಾಪ್ತಿ 36ರಿಂದ 82 ಮಿ.ಮೀ.; ಅಂದರೆ ಎರಡು ಪಟ್ಟಿಗಿಂತ ತುಸು ಹೆಚ್ಚು. 1992ರಲ್ಲಿ ಟ್ಯಾಮ್ರಾನ್ 28–200 ಮಿ.ಮೀ. ತಂದಾಗ ಅದು ಏಳು ಪಟ್ಟಾಯಿತು. 2005ರ ಕೊನೆಯಲ್ಲಿ ನಿಕಾನ್ ಪ್ರಕಟಿಸಿದ 18–200 ಹನ್ನೊಂದು ಪಟ್ಟು, 2017ರ ಟ್ಯಾಮ್ರಾನ್ 18–400 ಇಪ್ಪತ್ತೆರಡು ಪಟ್ಟು. ಸಂಖ್ಯೆ ಏರುತ್ತಲೇ ಇದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಹೊರಟವರು ಲೆನ್ಸ್ ಕೊಳ್ಳುವಾಗ ಮೊದಲು ಕೇಳುವುದೂ ಈ 'ಪಟ್ಟು' ಎಷ್ಟೆಂದೇ. ಆದರೆ ಕಾಫಿ ಬೆಟ್ಟಗಳಲ್ಲಿ ಚಿತ್ರ ಕೆಡುವುದು ಬಹುಮಟ್ಟಿಗೆ ಬೇರೆಯೇ ಕಾರಣಕ್ಕೆ. ಅಲ್ಲಿ ಕೊರತೆ ಬೀಳುವುದು ದೂರವಲ್ಲ, ಬೆಳಕು.

ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆಯನ್ನು ಗಮನಿಸಿ. ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಈ ಸಂಖ್ಯೆ. 200 ಮಿ.ಮೀ.ನಲ್ಲಿ ಎಫ್/5.6 ಎಂದರೆ ಕಿಂಡಿ ಸುಮಾರು 36 ಮಿ.ಮೀ.; ಎಫ್/2.8 ಬೇಕಾದರೆ 71 ಮಿ.ಮೀ. ಅಷ್ಟು ಅಗಲದ ಗಾಜು ಅಂಗೈಯಲ್ಲಿ ಹಿಡಿಸುವ ಲೆನ್ಸಿನಲ್ಲಿ ಕೂರುವುದಿಲ್ಲ. ಆದ್ದರಿಂದ ವ್ಯಾಪ್ತಿ ಹಿಗ್ಗಿದಂತೆಲ್ಲ ತಯಾರಕರು ಬೆಳಕನ್ನು ಬಿಟ್ಟುಕೊಡುತ್ತಾರೆ. ಇದರಲ್ಲಿ ಮೋಸವಿಲ್ಲ. ಮೋಸ ಹೋಗುವುದು '3.5–5.6' ಎಂಬ ಬರಹದಲ್ಲಿ ಮೊದಲ ಅಂಕಿಯನ್ನಷ್ಟೇ ಓದುವ ನಾವು.

ಒಂದು ಲೆಕ್ಕ ಮಾಡೋಣ. ಬಯಲಿನ ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್/16, ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗ ಎಂಬುದು ಹಳೆಯ ಛಾಯಾಗ್ರಾಹಕರೆಲ್ಲರ ಬಾಯಲ್ಲಿದ್ದ ಸೂತ್ರ. ಈಗ ಡಿಸೆಂಬರಿನ ಬೆಳಗ್ಗೆ ಮೂಡಿಗೆರೆಯ ಒಂದು ಅರೇಬಿಕಾ ತೋಟಕ್ಕೆ ಬನ್ನಿ. ಮಂಜು ಇನ್ನೂ ಪೂರ್ತಿ ಕರಗಿಲ್ಲ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಕಾಡುಮರಗಳ ಚಪ್ಪರ. ಬೆಳಕು ಬಯಲಿಗಿಂತ 64 ಪಟ್ಟು ಕಡಿಮೆ ಎಂದು ಹಿಡಿಯಿರಿ, ಇದು ಉತ್ಪ್ರೇಕ್ಷೆಯಲ್ಲ. ಹಣ್ಣು ಕೊಯ್ಯುವವರ ಬೆರಳುಗಳ ಚಲನೆ ಮಸುಕಾಗದಿರಲು 250ನೇ ಒಂದು ಸೆಕೆಂಡಾದರೂ ಬೇಕು. ನಿಕಾನ್ 2020ರಲ್ಲಿ ತಂದ 24–200 ಮಿ.ಮೀ. ಲೆನ್ಸನ್ನು 100 ಮಿ.ಮೀ.ಗೆ ತಿರುಗಿಸಿದರೆ ಅದರ ಕಿಂಡಿ ಅಷ್ಟರೊಳಗೇ ಎಫ್/6.3ಕ್ಕೆ ಕುಗ್ಗಿರುತ್ತದೆ. ಆಗ ಐಎಸ್‌ಒ 2000ದ ಆಸುಪಾಸು ಬೇಕು. ಅದೇ ಸಂಸ್ಥೆ 2021ರಲ್ಲಿ ಪ್ರಕಟಿಸಿದ 24–120 ಲೆನ್ಸ್ ಅದೇ 100 ಮಿ.ಮೀ.ನಲ್ಲಿ ಎಫ್/4 ಕೊಡುತ್ತದೆ, 800 ಸಾಕು. ಎರಡರ ನಡುವೆ ಎರಡೂವರೆ ಪಟ್ಟು ಬೆಳಕಿನ ಅಂತರ. ಮೋಡ ಕವಿದು ಬೆಳಕು ಇನ್ನೂ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಈ ಅಂಕಿಗಳು 8000 ಮತ್ತು 3200 ಆಗುತ್ತವೆ. ಇಂದಿನ ಸಂವೇದಕಗಳು 2005ರವುಗಳಿಗಿಂತ ಬಹಳ ಸುಧಾರಿಸಿವೆ, ನಿಜ. 2000ವನ್ನು ಅವು ನಿರಾಯಾಸವಾಗಿ ನಿಭಾಯಿಸುತ್ತವೆ. 8000ದಲ್ಲಿ ಕಾಫಿ ಹಣ್ಣಿನ ಕೆಂಪಿನಲ್ಲಿ ಕಾಳುಕಾಳು ಕಾಣಿಸಿಕೊಳ್ಳುತ್ತದೆ, ಎಲೆಯ ನರಗಳು ಕಲಸಿಹೋಗುತ್ತವೆ.

'ಕೈನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ?' ಎಂದು ಅಂಗಡಿಯವರು ಕೇಳುತ್ತಾರೆ. ಇದೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಅದು ನಿಲ್ಲಿಸುವುದು ನಿಮ್ಮ ಕೈಯನ್ನು. ಗಾಳಿಗೆ ಆಡುವ ಕೊಂಬೆಯನ್ನಾಗಲೀ ಗಿಡದಿಂದ ಗಿಡಕ್ಕೆ ಸರಿಯುವ ಆಳುಗಳನ್ನಾಗಲೀ ಅಲ್ಲ. ಕಳಸದ ಬಳಿ ಭದ್ರೆಯ ದಡದ ಬಂಡೆಗಳಿಗೆ ಅದು ವರ. ತೋಟದೊಳಗೆ ಅರ್ಧ ಉತ್ತರ ಮಾತ್ರ.

ಅಗಲದ ತುದಿಯ ಬಗ್ಗೆ ಜಾಹೀರಾತುಗಳು ಮಾತಾಡುವುದೇ ಇಲ್ಲ. 24 ಮಿ.ಮೀ. ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಟ ಕೊಟ್ಟರೆ 28 ಮಿ.ಮೀ. 75 ಡಿಗ್ರಿ ಕೊಡುತ್ತದೆ. ಪಲ್ಪರ್ ಮನೆಯ ಒಳಗೆ, ಹಳೆಯ ತೊಟ್ಟಿಮನೆಯ ಜಗಲಿಯಲ್ಲಿ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಅಲ್ಲಿ ಈ ಒಂಬತ್ತು ಡಿಗ್ರಿಗೆ ಬೆಲೆಯಿದೆ. ಟ್ಯಾಮ್ರಾನ್ 2020ರಲ್ಲಿ ಸೋನಿ ಕ್ಯಾಮೆರಾಗಳಿಗೆ ತಯಾರಿಸಿದ 28–200, ಎಫ್/2.8ರಿಂದ ಆರಂಭವಾಗುವ, 575 ಗ್ರಾಂ ತೂಕದ ಮೆಚ್ಚತಕ್ಕ ಲೆನ್ಸ್. ನನ್ನ ತಕರಾರು ಅದರ 28ರ ಮೇಲೆ ಮಾತ್ರ.

ಇನ್ನು ಉದ್ದದ ತುದಿ. 200 ಮಿ.ಮೀ. ಇದ್ದರೆ ಹಕ್ಕಿಗಳೂ ಸಿಗುತ್ತವೆ ಎಂಬ ಆಸೆ ಹಲವರದು. ಎತ್ತರದ ಅತ್ತಿಮರದಲ್ಲಿ ಹಣ್ಣು ತಿನ್ನುವ ಮಂಗಟ್ಟೆ 200ರಲ್ಲಿ ಒಂದು ಕಪ್ಪು ಚುಕ್ಕೆ. 400 ಕೂಡ ಕನಿಷ್ಠವೇ. ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ಕಂಡು ಸ್ಫೂರ್ತಿಗೊಂಡವರು ಒಂದು ಮಾತು ನೆನಪಿಡಬೇಕು. ಅವು ವರ್ಷಗಟ್ಟಲೆ ಒಂದೇ ಪರಿಸರದಲ್ಲಿದ್ದು ಕಾದವರ ಚಿತ್ರಗಳು, ಎರಡು ದಿನದ ಪ್ರವಾಸಿಯ ಜೂಮಿನ ಫಲವಲ್ಲ. ದೂರದ ಬೆಟ್ಟಸಾಲನ್ನು ಹತ್ತಿರ ಎಳೆದುಕೊಂಡರೂ ನಡುವಿನ ಮಂಜು ಜೊತೆಗೇ ಬರುತ್ತದೆ.

ಮಂಜಿಗೆ ಲೆನ್ಸ್ ತನ್ನದೇ ಮಂಜನ್ನೂ ಸೇರಿಸುತ್ತದೆ. 2005ರ ಆ 18–200ರಲ್ಲಿ 16 ಗಾಜುಗಳು 12 ಗುಂಪುಗಳಲ್ಲಿವೆ. ಗಾಳಿ ಮತ್ತು ಗಾಜು ಸಂಧಿಸುವ ಮೇಲ್ಮೈಗಳು 24. ಲೇಪನವಿಲ್ಲದ ಗಾಜು ಪ್ರತಿ ಮೇಲ್ಮೈಯಲ್ಲಿ ಸುಮಾರು 4 ಶೇಕಡ ಬೆಳಕನ್ನು ಪ್ರತಿಫಲಿಸುತ್ತದೆ. ಆ ಲೆಕ್ಕದಲ್ಲಿ ಸಂವೇದಕ ಮುಟ್ಟುವುದು 38 ಶೇಕಡ ಮಾತ್ರ. ಬಹುಪದರದ ಲೇಪನ ಈ ನಷ್ಟವನ್ನು ಮೇಲ್ಮೈಗೆ ಅರ್ಧ ಶೇಕಡಕ್ಕೆ ಇಳಿಸಿದರೆ 89 ಶೇಕಡ ದಾಟುತ್ತದೆ. ಲೇಪನ ಎಂಬ ಸಂಶೋಧನೆ ಇಲ್ಲದಿದ್ದರೆ ಇಂಥ ಜೂಮ್‌ಗಳೇ ಇರುತ್ತಿರಲಿಲ್ಲ. ಆದರೂ ಉಳಿದ ಪ್ರತಿಫಲನ ಒಳಗೇ ಅಲೆದು, ಎಲೆಗಳ ಸಂದಿನಿಂದ ಬಿಳಿ ಆಕಾಶ ಇಣುಕುವ ಕಡೆ ಚಿತ್ರವನ್ನು ಮಂಕಾಗಿಸುತ್ತದೆ. ಲೆನ್ಸ್ ಹುಡ್ ಕಡ್ಡಾಯ.

ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ ಬೀಳುವ ಊರುಗಳಿವು. ಉದ್ದವಾಗಿ ಹೊರಚಾಚುವ ಜೂಮ್ ಪ್ರತಿ ಸಲ ಚಾಚಿದಾಗಲೂ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ತಿದಿಯ ಹಾಗೆ. ಜೊತೆಗೆ ತೇವವೂ ಒಳಸೇರುತ್ತದೆ. ನೀರು ನಿರೋಧಕ ರಬ್ಬರ್ ಪಟ್ಟಿ ಹನಿಗಳನ್ನು ತಡೆದೀತೇ ಹೊರತು ಆರ್ದ್ರತೆಯನ್ನು ಪೂರ್ತಿ ತಡೆಯದು. ಮಲೆನಾಡಿನ ಮನೆಗಳಲ್ಲಿ ಚರ್ಮದ ಚೀಲದೊಳಗೆ ಬೀರುವಿನಲ್ಲಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುವುದು ಹೀಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಆಗಾಗ ಬಿಸಿಮಾಡಿ ಒಣಗಿಸಿಕೊಳ್ಳಬಹುದಾದ ಸಿಲಿಕಾ ಜೆಲ್, ಒಳಗೆ 40–50 ಶೇಕಡ ಆರ್ದ್ರತೆ: ಇಷ್ಟಿದ್ದರೆ ಸಾಕು.

ಹಾಗಾದರೆ ಯಾವುದು? ಪೂರ್ಣ ಚೌಕಟ್ಟಿನ ಸಂವೇದಕಕ್ಕೆ ಎಫ್/4ರ 24–105 ಅಥವಾ 24–120. ಚಿಕ್ಕ ಸಂವೇದಕಕ್ಕೆ ಅದಕ್ಕೆ ಸಮನಾದ 16–80. ಬೆಳಕಿರುವಲ್ಲೇ ತಿರುಗುವವರಿಗೆ ಹನ್ನೊಂದು ಪಟ್ಟಿನದೂ ನಡೆಯುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಬಯಲು ನೆತ್ತಿಯಲ್ಲಿ, 2022ರಲ್ಲಿ ಆ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿದಾಗ, ಅದು ಯಾರನ್ನೂ ಕೈಬಿಡುವಂಥದ್ದಲ್ಲ. ಹೂಮಳೆಯ ನಂತರ ಬಿಳುಪಾಗುವ ಕಾಫಿ ಗೊಂಚಲಿಗೂ ಅರ್ಧ ಮೀಟರಿಗೆ ಫೋಕಸ್ ಆಗುವ ಆ 18–200 ಸಾಲುತ್ತದೆ. ಗಾಳಿ ಬೀಸದಿದ್ದರೆ.

ಕೊಳ್ಳುವ ಮೊದಲು ನಿಮ್ಮ ಹಿಂದಿನ ಪ್ರವಾಸಗಳ ಇನ್ನೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಪ್ರತಿ ಕಡತದಲ್ಲೂ ಸಂಗಮದೂರ, ಕಿಂಡಿ, ಐಎಸ್‌ಒ ದಾಖಲಾಗಿರುತ್ತವೆ. 120 ದಾಟಿದವು ಎಷ್ಟು, ಐಎಸ್‌ಒ 1600 ದಾಟಿದವು ಎಷ್ಟು ಎಂದು ಎಣಿಸಿ. ಆ ಎಣಿಕೆಯ ಚೀಟಿ ಹಿಡಿದು ಅಂಗಡಿಗೆ ಹೋಗಿ. ಅಲ್ಲಿ ಲೆನ್ಸನ್ನು 100 ಮಿ.ಮೀ.ಗೆ ತಿರುಗಿಸಿ ಕಿಂಡಿ ಎಷ್ಟು ತೆರೆಯುತ್ತದೆಂದು ಪರದೆಯ ಮೇಲೆ ನೋಡಿ.