ಕ್ರೌರ್ಯದ ಚಿತ್ರಣವೂ ಎಳೆಯ ಓದುಗನೂ

ಹದಿಹರೆಯದವರ ಕ್ರೌರ್ಯವನ್ನೇ ವಸ್ತುವಾಗುಳ್ಳ ಕೃತಿಯನ್ನು ಅದೇ ವಯಸ್ಸಿನವರ ಕೈಗೆ ಕೊಡಬಹುದೇ ಎಂಬ ಪ್ರಶ್ನೆ ಉಪಾಧ್ಯಾಯರಾದವರನ್ನು ಆಗಾಗ ಕಾಡುವಂಥದು. ಚಿತ್ರಗಳಲ್ಲಿ ಕಥೆ ಹೇಳುವ ಕೃತಿಯಾದರಂತೂ ಅಳುಕು ಇಮ್ಮಡಿಯಾಗುತ್ತದೆ. ಬರೆದ ಮಾತನ್ನು ಓದುಗನು ತನ್ನ ಕಲ್ಪನೆಗೆ ಎಟಕುವಷ್ಟೇ ಕಾಣುತ್ತಾನೆ. ಚಿತ್ರವಾದರೋ ನೇರವಾಗಿ ಕಣ್ಣ ಮುಂದೆ ನಿಲ್ಲುತ್ತದೆ. 1956ರಲ್ಲಿ ಭಾರತದ ಸಂಸತ್ತು ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ಕುರಿತು ಒಂದು ಶಾಸನವನ್ನೇ ಮಾಡಿತು. 20 ವರ್ಷ ತುಂಬದವರೆಲ್ಲರೂ ಅದರ ಪ್ರಕಾರ ಎಳೆಯರು. ಅಪರಾಧ, ಹಿಂಸೆ, ಕ್ರೌರ್ಯಗಳನ್ನು ಬಣ್ಣಿಸುವ ಚಿತ್ರಕಥೆಗಳನ್ನೂ ಅದು ಗಣನೆಗೆ ತಂದುಕೊಂಡಿತು. ಆದರೆ ಹಿಂಸೆಯ ಪ್ರಸಂಗ ಇದ್ದ ಮಾತ್ರಕ್ಕೆ ಕೃತಿ ದುಷ್ಟವೆನ್ನದೆ, ಒಟ್ಟಿನಲ್ಲಿ ಅದು ಓದುವವನ ಮನಸ್ಸನ್ನು ಕೆಡಿಸುವಂತಿದೆಯೇ ಎಂದು ನೋಡಬೇಕೆಂದು ವಿಧಿಸಿತು. ಇದು ವಿಮರ್ಶೆಗೂ ಒಪ್ಪುವ ಮಾತು. ಈ ಒಟ್ಟು ಪರಿಣಾಮವನ್ನು ನಿರ್ಣಯಿಸುವುದು, ಕ್ರೌರ್ಯವನ್ನು ಕೃತಿ ಯಾರ ಕಣ್ಣಿನಿಂದ ಕಾಣುತ್ತದೆ ಎಂಬುದೇ.

ಅಮೆರಿಕದ ಡರ್ಫ್ ಬ್ಯಾಕ್‌ಡರ್ಫ್ ಬರೆದು ಚಿತ್ರಿಸಿದ ‘ಮೈ ಫ್ರೆಂಡ್ ಡಾಮರ್’ 2012ರಲ್ಲಿ ಪ್ರಕಟವಾದ ಚಿತ್ರಕಾದಂಬರಿ. 1978ರಿಂದ 1991ರವರೆಗೆ ಹದಿನೇಳು ಜನರನ್ನು ಕೊಂದ ಜೆಫ್ರಿ ಡಾಮರ್ ಓಹಾಯೋ ಪ್ರಾಂತದ ಶಾಲೆಯಲ್ಲಿ ಗ್ರಂಥಕರ್ತನ ಸಹಪಾಠಿಯಾಗಿದ್ದನು. ಕೃತಿಯ ವಸ್ತು ಆ ಕೊಲೆಗಳಲ್ಲ. ಅವುಗಳ ಹಿಂದಣ ಶಾಲೆಯ ದಿನಗಳು. ಒಡೆದ ಮನೆ, ಶಾಲೆಯಲ್ಲಿಯೇ ಕುಡಿಯುತ್ತಿದ್ದ ಹುಡುಗ, ಅವನ ವಿಕಾರ ಚೇಷ್ಟೆಗಳಿಗೆ ನಕ್ಕು ಹುರಿದುಂಬಿಸುವ ಗೆಳೆಯರು, ಏನನ್ನೂ ಗಮನಿಸದ ಹಿರಿಯರು: ಇವೇ ಅದರ ಕಪ್ಪು ಬಿಳುಪಿನ ಪುಟಗಳನ್ನು ತುಂಬಿವೆ. ನಕ್ಕವರಲ್ಲಿ ತಾನೂ ಒಬ್ಬನೆಂಬುದನ್ನು ಗ್ರಂಥಕರ್ತನು ಮರೆಮಾಚುವುದಿಲ್ಲ. ಕೊಲೆಗೆ ಕೈಹಾಕಿದ ಕ್ಷಣದಿಂದ ಅವನಲ್ಲಿ ತನಗೆ ಮರುಕವಿಲ್ಲವೆಂದೂ ಸ್ಪಷ್ಟಪಡಿಸುತ್ತಾನೆ.

ಇದೇ ವಸ್ತುವನ್ನು ನಮ್ಮ ಸಾಹಿತ್ಯ ಇದಕ್ಕೆ ಬಹು ಹಿಂದೆಯೇ ಎದುರಿಸಿದೆ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಮಲೆನಾಡಿನ ವೇದಪಾಠಶಾಲೆಯೊಂದರ ಕಥೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಕಪ್ಪು ಬಿಳುಪಿನ ಚಲನಚಿತ್ರವಾಗಿಸಿದರು. ಅದಕ್ಕೆ ಸ್ವರ್ಣಕಮಲ ದೊರೆಯಿತು. ಶಾಸ್ತ್ರಿ, ಗಣೇಶ ಎಂಬ ಹಿರಿಯ ವಿದ್ಯಾರ್ಥಿಗಳು ಹೊಸದಾಗಿ ಬಂದ ಬಾಲಕ ನಾಣಿಯನ್ನು ಹೆದರಿಸಿ ಗೋಳುಹೊಯ್ದುಕೊಳ್ಳುತ್ತಾರೆ; ಗುರು ಉಡುಪರ ವಿಧವೆ ಮಗಳು ಯಮುನೆ ಬಸುರಿಯಾದುದನ್ನು ಹೊಂಚಿ ನೋಡುತ್ತಾರೆ. ಕೊನೆಗೆ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಅವಳನ್ನು ಆ ಸ್ಥಿತಿಗೆ ತಂದ ಶಾಲೆಯ ಮೇಷ್ಟರಿಗೆ ಯಾವ ಶಿಕ್ಷೆಯೂ ಇಲ್ಲ. ಹುಡುಗರ ಕ್ರೌರ್ಯ ಹಿರಿಯರ ಕ್ರೌರ್ಯದ ಮೊದಲ ಪಾಠವಷ್ಟೇ ಎಂಬುದನ್ನು ಕಥೆ ಉಪದೇಶದ ಸೋಂಕಿಲ್ಲದೆ ಮನಗಾಣಿಸುತ್ತದೆ.

ಎರಡು ಕೃತಿಗಳಲ್ಲಿಯೂ ಹಿರಿಯರ ಹೊಣೆಗೇಡಿತನವೇ ಮುಖ್ಯ ಆರೋಪ. ಆದರೆ ಬ್ಯಾಕ್‌ಡರ್ಫ್‌ನ ದೃಷ್ಟಿ ಮುಂದೆ ಕೊಲೆಗಾರನಾಗುವವನ ಸುತ್ತಲೇ ಸುಳಿಯುತ್ತದೆ. ಅವನಿಂದ ಹತರಾದವರಿಗೆ ಆ ಪುಟಗಳಲ್ಲಿ ಮುಖವಿಲ್ಲದಂತಾಗಿದೆ. ಕೃತಿಯ ಪ್ರಾಮಾಣಿಕತೆಯನ್ನು ಮೆಚ್ಚಿಯೂ ಈ ಕೊರತೆಯನ್ನು ಹೇಳಲೇಬೇಕು. ಕೆಡುಕನ ಏಕಾಂತ ಎಳೆಯ ಓದುಗನಿಗೆ ಒಂದು ಬಗೆಯ ಆಕರ್ಷಣೆಯಾಗಬಲ್ಲದು. ‘ಘಟಶ್ರಾದ್ಧ’ದ ಕಣ್ಣಾದರೋ ನಾಣಿಯದು. ನೊಂದವಳ ಪಕ್ಕದಲ್ಲಿ ಉಳಿದವನು ಅವನೊಬ್ಬನೇ. ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನೆಯನ್ನು ಬಿಟ್ಟು ಅವನು ತಂದೆಯೊಡನೆ ಊರಿಗೆ ಹೊರಟಾಗ, ಓದುಗನಿಗೆ ಉಳಿಯುವುದು ತನ್ನಿಂದ ಏನೂ ಮಾಡಲಾಗಲಿಲ್ಲವೆಂಬ ಸಂಕಟ. ಕ್ರೌರ್ಯವನ್ನು ಬೇಡವೆನ್ನಿಸುವ ಶಕ್ತಿ ಈ ಸಂಕಟಕ್ಕಿದೆ.

ನಮ್ಮ ನೀಲಗಿರಿಯಲ್ಲಿ ಮನೆ ಬಿಟ್ಟು ವಿದ್ಯಾರ್ಥಿನಿಲಯಗಳಲ್ಲಿದ್ದು ಓದುವ ಮಕ್ಕಳಿಗೆ ನಾಣಿಯ ಅಂಜಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಇಂಥ ಕೃತಿಗಳನ್ನು ಬೀಗ ಹಾಕಿಟ್ಟರೆ ಆ ಅಂಜಿಕೆ ಮಾತಿಲ್ಲದೆ ಉಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಪ್ರೌಢ ತರಗತಿಯ ವಿದ್ಯಾರ್ಥಿಗಳೊಡನೆ ಉಪಾಧ್ಯಾಯರು ‘ಘಟಶ್ರಾದ್ಧ’ವನ್ನು ಕುಳಿತು ಓದಲಿ, ಯಾರು ನಕ್ಕರು, ಯಾರು ಸುಮ್ಮನಿದ್ದರು, ಯಾರು ಜೊತೆಗೆ ನಿಂತರು ಎಂದು ಕೇಳಲಿ. ವಿದ್ಯಾರ್ಥಿಗಳು ಕೊಡುವ ಉತ್ತರದಲ್ಲಿ ತಮ್ಮ ಶಾಲೆಯ ಸ್ಥಿತಿಯೂ ಅವರಿಗೆ ತಿಳಿದುಬಂದೀತು.